ಮನೆಯವರು, ಗೆಳೆಯರೆಲ್ಲ ಸೇರಿ ಮಲೆನಾಡಿಗೆ ಹೊರಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಶಿವಮೊಗ್ಗ. ವರ್ಷಕ್ಕೆ ಒಂದೆರಡು ಸಲ ಅಣ್ಣ-ತಮ್ಮಂದಿರ ಸಂಸಾರ, ಅತ್ತೆ ಮನೆಯವರು, ಕಾಲೇಜಿನ ಹಳೇ ಗೆಳೆಯರು ಎಲ್ಲ ಸೇರಿ ಎಲ್ಲಾದರೂ ಹೋಗುತ್ತೇವೆ. ಹೊಂದಿಸುವ ಕೆಲಸ ತುಂಬ ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ನೆಂಟರೂ ಫೋನ್ ಮಾಡಿ ಕೇಳುತ್ತಾರೆ. ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಕೂತು ಬರೆದಿದ್ದೇನೆ.

ಎಷ್ಟು ಜನ ಇದ್ದರೆ ಚೆನ್ನ?

ಹತ್ತರಿಂದ ಹನ್ನೆರಡು ಜನ. ಒಂದೇ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಕೂರಬಹುದು, ಒಂದೇ ಹೋಮ್‌ಸ್ಟೇಯಲ್ಲಿ ಮಲಗಬಹುದು, ಒಂದೇ ಪಂಕ್ತಿಯಲ್ಲಿ ಊಟ ಮಾಡಬಹುದು. ಇಪ್ಪತ್ತು ದಾಟಿತು ಅಂದರೆ ಅದು ಮದುವೆ ದಿಬ್ಬಣದ ಹಾಗೆ. ಬೆಳಗ್ಗೆ ಸ್ನಾನ ಮುಗಿಯುವ ಹೊತ್ತಿಗೆ ಹತ್ತು ಗಂಟೆ. ಅಷ್ಟು ಜನ ಹೋಗಲೇಬೇಕಿದ್ದರೆ ಎರಡು ಗಾಡಿ, ಎರಡು ಗುಂಪು ಮಾಡಿ. ರಾತ್ರಿ ಊಟಕ್ಕೆ ಒಂದೇ ಕಡೆ ಸೇರಿ. ಹಗಲೆಲ್ಲ ಒಟ್ಟಿಗೇ ಇರಬೇಕು ಅಂತೇನಿಲ್ಲ.

ಮೊದಲು ಊರು ನಿರ್ಧರಿಸಬೇಕಾ, ತಾರೀಖಾ?

ಎರಡೂ ಅಲ್ಲ. ಮೊದಲು ಯಾರು ಯಾರು ಬರುತ್ತಾರೆ ಅನ್ನೋದು ಗೊತ್ತಾಗಬೇಕು. ಎರಡು ವರ್ಷದ ಮಗು ಇದೆಯಾ, ಎಪ್ಪತ್ತು ದಾಟಿದ ಅತ್ತೆ ಇದ್ದಾರಾ, ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ, ಯಾರಾದರೂ ಬಸುರಿಯಾ. ಊರು, ದಾರಿ, ಗಾಡಿ ಎಲ್ಲ ಇದರ ಮೇಲೆ ನಿಲ್ಲುತ್ತದೆ. ಕೊಡಚಾದ್ರಿ ಅಂತ ಮೊದಲೇ ಹೇಳಿಬಿಟ್ಟು, ಆಮೇಲೆ ಜನರನ್ನು ಅದಕ್ಕೆ ಹೊಂದಿಸಲು ಹೋದರೆ ಯಾರೋ ಒಬ್ಬರು ಮನೆಯಲ್ಲೇ ಉಳಿಯುತ್ತಾರೆ. ಉಳಿಯುವವರು ಯಾವಾಗಲೂ ವಯಸ್ಸಾದವರೇ.

ಜನ ಗೊತ್ತಾದ ಮೇಲೆ ತಾರೀಖು. ಇಲ್ಲಿ ಒಂದು ಮಾತು. "ಯಾವಾಗ ಹೋಗೋಣ" ಅಂತ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ. ಉತ್ತರ ಬರುವುದೇ ಇಲ್ಲ. ಎರಡು ತಾರೀಖು ನೀವೇ ಆರಿಸಿ, "ಇದಾ, ಅದಾ" ಅಂತ ಒಬ್ಬೊಬ್ಬರಿಗೂ ಫೋನ್ ಮಾಡಿ. ಹಿರಿಯರಿಗಂತೂ ಫೋನೇ ಮಾಡಬೇಕು. ಮಕ್ಕಳ ಪರೀಕ್ಷೆ, ಮನೆಯ ತಿಥಿ, ಮದುವೆ ಮುಂಜಿ ಎಲ್ಲ ಫೋನಿನಲ್ಲಿ ತಾನಾಗಿ ಹೊರಗೆ ಬರುತ್ತವೆ.

ಮಲೆನಾಡಿಗೆ ಯಾವ ತಿಂಗಳು ಒಳ್ಳೆಯದು?

ಯಾರ ಜೊತೆ ಹೋಗುತ್ತೀರಿ ಅನ್ನೋದರ ಮೇಲಿದೆ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಮಳೆ ನಿಂತಿರುತ್ತದೆ, ಹಸಿರು ಇನ್ನೂ ಇರುತ್ತದೆ, ಬೆಳಗ್ಗೆ ಹದವಾದ ಚಳಿ. ಆಗುಂಬೆಯ ಸೂರ್ಯಾಸ್ತ ಕಾಣಬೇಕಿದ್ದರೂ ಇದೇ ಕಾಲ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಅರಬ್ಬೀ ಸಮುದ್ರದ ಗೆರೆ ಕಾಣುತ್ತದೆ. ಜುಲೈನಲ್ಲಿ ಆಗುಂಬೆಗೆ ಬಂದು ಸೂರ್ಯಾಸ್ತ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ಆಗ ಅಲ್ಲಿ ಎದುರಿಗಿರುವ ಮನುಷ್ಯರೇ ಕಾಣುವುದಿಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಅದೂ ಒಂದು, ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ.

ಜೋಗ ತುಂಬಿ ಬೀಳುವುದನ್ನು ನೋಡಬೇಕಿದ್ದರೆ ಮಾತ್ರ ಮಳೆಗಾಲದಲ್ಲೇ ಬರಬೇಕು. ಜುಲೈ ಕೊನೆ, ಆಗಸ್ಟ್, ಸೆಪ್ಟೆಂಬರ್. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಅದು ಆದ ಮೇಲೆ ಜೋಗದ ನೀರು ಮಳೆಯ ಜೊತೆಗೆ ಅಣೆಕಟ್ಟಿನ ಲೆಕ್ಕದ ಮೇಲೂ ನಿಂತಿದೆ. ಬೇಸಿಗೆಯಲ್ಲಿ ಹೋದರೆ ಬಂಡೆಯ ಮೇಲೆ ಸಣ್ಣ ಎಳೆಯಷ್ಟೆ. 253 ಮೀಟರ್ ಆಳದ ಆ ಬಂಡೆಯೂ ನೋಡುವಂಥದ್ದೇ. ಆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧುಮುಕುವುದನ್ನು ತೋರಿಸುತ್ತೇನೆ ಅಂತ ಮಕ್ಕಳಿಗೆ ಹೇಳಿ ಏಪ್ರಿಲ್‌ನಲ್ಲಿ ಕರೆದುಕೊಂಡು ಹೋಗಬೇಡಿ.

ಆರಿದ್ರಾ, ಪುನರ್ವಸು ಮಳೆ ಹಿಡಿದ ದಿನಗಳಲ್ಲಿ, ಅಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ, ದೊಡ್ಡ ಗುಂಪು ಕಟ್ಟಿಕೊಂಡು ಘಟ್ಟದ ದಾರಿಗೆ ಬರುವುದು ಬೇಡ ಅಂತಲೇ ನಾನು ಹೇಳುತ್ತೇನೆ. ಮರ ಬೀಳುತ್ತದೆ, ಗುಡ್ಡ ಜರಿಯುತ್ತದೆ, ಕರೆಂಟು ಹೋದರೆ ಎರಡು ದಿನ ಬಾರದೆಯೂ ಇರಬಹುದು. ಗೆಳೆಯರಷ್ಟೇ ಇದ್ದರೆ, ಒಂದೇ ಮನೆಯಲ್ಲಿ ಕೂತು ಮಳೆ ನೋಡುತ್ತೇವೆ ಅನ್ನುವವರಾದರೆ ಬನ್ನಿ. ಅದರ ಸುಖವೇ ಬೇರೆ.

ದಿನಕ್ಕೆ ಎಷ್ಟು ಜಾಗ ನೋಡಬಹುದು?

ಎರಡು. ಹೆಚ್ಚೆಂದರೆ ಮೂರು, ಅದೂ ಒಂದೇ ರಸ್ತೆಯಲ್ಲಿದ್ದರೆ.

ಇದನ್ನು ನಾನು ಅನುಭವದಿಂದ ಕಲಿತೆ. ಕೆಲವು ವರ್ಷದ ಹಿಂದೆ ಒಂದೇ ದಿನಕ್ಕೆ ಐದು ಜಾಗ ಇಟ್ಟಿದ್ದೆ. ಸಕ್ರೆಬೈಲು, ಕುಪ್ಪಳಿ, ಕುಂದಾದ್ರಿ, ಶೃಂಗೇರಿ, ಸಂಜೆ ಆಗುಂಬೆ. ಹಾಳೆಯ ಮೇಲೆ ಎಲ್ಲ ಸರಿ ಇತ್ತು, ಎಲ್ಲ ಹತ್ತಿರ ಹತ್ತಿರ. ಮೂರನೇ ಜಾಗದ ಹೊತ್ತಿಗೆ ಅಮ್ಮ "ನೀವು ಹೋಗಿ ಬನ್ನಿ, ನಾನು ಗಾಡಿಯಲ್ಲೇ ಕೂತಿರ್ತೀನಿ, ಗಾಳಿ ಚೆನ್ನಾಗಿದೆ" ಅಂದರು. ನಾವು ಹೋದೆವು. ಆಮೇಲಿನ ಎರಡು ಕಡೆಯೂ ಹಾಗೇ. ರಾತ್ರಿ ಮನೆಗೆ ಬಂದು ನೋಡಿದರೆ ಅವರ ಎರಡೂ ಮಂಡಿ ಊದಿಕೊಂಡಿದ್ದವು. ನಿಮ್ಮ ಖುಷಿ ಹಾಳಾಗಬಾರದು ಅಂತ ಹೇಳಲಿಲ್ಲ ಅಂದರು. ಆವತ್ತಿನ ಫೋಟೋಗಳಲ್ಲಿ ಅಮ್ಮ ಎಲ್ಲೂ ಇಲ್ಲ.

ಆಮೇಲಿಂದ ನಮ್ಮ ಪ್ಲಾನ್ ಶುರುವಾಗುವುದು ಎಲ್ಲರಿಗಿಂತ ನಿಧಾನ ನಡೆಯುವವರಿಂದ. ಅವರಿಗೆ ಎಷ್ಟು ಆಗುತ್ತದೋ ಅಷ್ಟೇ ಆ ದಿನದ ಲೆಕ್ಕ. ಜಾಸ್ತಿ ಓಡಾಡುವ ಉತ್ಸಾಹ ಇರುವ ಹುಡುಗರಿಗೆ ಬೆಳಗ್ಗೆ ಐದೂವರೆಗೆ ಬೇರೆ ಕಾರ್ಯಕ್ರಮ ಇಡಿ. ಎಲ್ಲರೂ ಏಳುವ ಹೊತ್ತಿಗೆ ಅವರು ಒಂದು ಗುಡ್ಡ ಹತ್ತಿ ಬಂದಿರುತ್ತಾರೆ.

ಇನ್ನೊಂದು. ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಏನೂ ಇಡಬೇಡಿ. ಮಲಗುವವರು ಮಲಗಲಿ, ಎಲೆಅಡಿಕೆ ಹಾಕುವವರು ಹಾಕಲಿ. ಮನೆಯವರ ಹಳೇ ಕಥೆಗಳೆಲ್ಲ ನಾನು ಕೇಳಿರುವುದು ಇಂಥ ಖಾಲಿ ಹೊತ್ತಿನಲ್ಲೇ.

ಮಂಡಿನೋವು ಇರುವವರನ್ನು ಎಲ್ಲಿಗೆಲ್ಲ ಕರೆದುಕೊಂಡು ಹೋಗಬಹುದು?

ಜೋಗದಲ್ಲಿ ನೋಡುವ ಕಟ್ಟೆಯ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಕೂತು ನೋಡಬಹುದು. ಕೆಳಗಿಳಿಯುವ ಸುಮಾರು 1,400 ಮೆಟ್ಟಿಲು ಗಟ್ಟಿ ಕಾಲಿನವರಿಗೆ ಮಾತ್ರ. ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ಎರಡೂ ಸಮತಟ್ಟಾದ ಜಾಗ, ಅಂಗಳದಲ್ಲಿ ಹುಲ್ಲು, ಜನ ಕಮ್ಮಿ. ಕೆಳದಿಯಲ್ಲಿ ಚಾವಣಿಯ ಗಂಡಭೇರುಂಡ ತೋರಿಸುವುದು ಮರೆಯಬೇಡಿ. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಯೊಳಗೆ ಮರದ ಏಣಿಮೆಟ್ಟಿಲು ಇದೆ, ಕೆಳಗಿನ ಅಂಕಣ ನೋಡಿದರೂ ಸಾಕಷ್ಟಾಯಿತು. ಕವಿಶೈಲಕ್ಕೆ ಗಾಡಿ ಹತ್ತುತ್ತದೆ. ಕುಂದಾದ್ರಿಗೂ ಮೇಲಿನವರೆಗೆ ರಸ್ತೆ ಇದೆ, ಕೊನೆಯಲ್ಲಿ ಸ್ವಲ್ಪ ಮೆಟ್ಟಿಲು. ತಿರುವುಗಳು ಕಡಿದಾಗಿವೆ, ಹೊಸ ಡ್ರೈವರ್ ಬೇಡ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರುವ ಜಾಗದಲ್ಲಿ ಸುಮ್ನೆ ಕೂತರೂ ಸಾಕು. ಶಿವಮೊಗ್ಗದಿಂದ ಹದಿನಾರು ಕಿ.ಮೀ. ಅಷ್ಟೇ.

ಕವಲೇದುರ್ಗದ ಕೋಟೆ ಬೇಡ. ಕಲ್ಲು ಹಾಸಿನ ದಾರಿ, ಏರು. ಮಳೆ ಬಿದ್ದರೆ ಜಾರುತ್ತದೆ. ಕೊಡಚಾದ್ರಿಯ ಜೀಪ್ ಪ್ರಯಾಣವೂ ಬೆನ್ನುನೋವು ಇರುವವರಿಗೆ, ಬಸುರಿಯರಿಗೆ ಖಂಡಿತ ಬೇಡ. ಜೀಪ್ ಇದೆಯಲ್ಲ, ನಡೆಯುವುದೇನಿಲ್ಲ ಅಂದುಕೊಳ್ಳಬೇಡಿ. ಆ ದಾರಿಯಲ್ಲಿ ಕೂತವರಿಗೇ ನಡೆದವರಿಗಿಂತ ಜಾಸ್ತಿ ಸುಸ್ತಾಗುತ್ತದೆ.

ಎರಡು ದಿನ ಇದೆ. ಒಂದು ದಾರಿ ಹೇಳಿ.

ಶಿವಮೊಗ್ಗದಿಂದ ಎರಡು ರಸ್ತೆ. ಒಂದು ತೀರ್ಥಹಳ್ಳಿ ಕಡೆ, ಇನ್ನೊಂದು ಸಾಗರ ಕಡೆ. ಒಂದು ಟ್ರಿಪ್‌ಗೆ ಒಂದನ್ನೇ ಆರಿಸಿ. ಎರಡನ್ನೂ ಬೆರೆಸಿದರೆ ದಿನವೆಲ್ಲ ಗಾಡಿಯಲ್ಲೇ ಕಳೆಯುತ್ತದೆ.

ತೀರ್ಥಹಳ್ಳಿ ರಸ್ತೆ ಆದರೆ ಬೆಳಗ್ಗೆ ಎಂಟೂವರೆಗೆಲ್ಲ ಸಕ್ರೆಬೈಲಿನ ಆನೆ ಬಿಡಾರದಲ್ಲಿರಿ. ಶಿವಮೊಗ್ಗದಿಂದ ಹದಿನಾಲ್ಕು ಕಿ.ಮೀ. ಆನೆಗಳು ತುಂಗೆಯ ಹಿನ್ನೀರಿನಲ್ಲಿ ಸ್ನಾನ ಮಾಡುವುದು ಬೆಳಗ್ಗೆ ಮಾತ್ರ. ಹನ್ನೊಂದರ ಮೇಲೆ ಹೋದರೆ ಅವು ಕಾಡಿಗೆ ಹೋಗಿರುತ್ತವೆ. ಅಲ್ಲಿಂದ ಅದೇ ದಾರಿಯಲ್ಲಿ ಮಂಡಗದ್ದೆ. ಮಳೆಗಾಲದಲ್ಲಿ ನದಿ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ. ರಸ್ತೆ ಪಕ್ಕದಲ್ಲೇ ನಿಂತು ನೋಡಬಹುದು. ಊಟ ತೀರ್ಥಹಳ್ಳಿಯಲ್ಲಿ. ಮಧ್ಯಾಹ್ನದ ಮೇಲೆ ಕುಪ್ಪಳಿ. ಸಂಜೆ ಕವಿಶೈಲದಲ್ಲಿ ಕೂತುಕೊಳ್ಳಿ. ಕುವೆಂಪು ಅವರ ಸಮಾಧಿಯೂ ಅಲ್ಲೇ ಇದೆ. ಅಲ್ಲಿ ಜೋರಾಗಿ ಹಾಡು ಹಾಕಬೇಡಿ, ದಯವಿಟ್ಟು. ಮಾರನೇ ದಿನ ಕುಂದಾದ್ರಿ ನೋಡಿ, ಮಧ್ಯಾಹ್ನ ವಿಶ್ರಾಂತಿ ತೆಗೆದುಕೊಂಡು, ಸಂಜೆ ಆಗುಂಬೆ.

ಸಾಗರ ರಸ್ತೆ ಆದರೆ ಮಕ್ಕಳಿಗೆ ತ್ಯಾವರೆಕೊಪ್ಪದ ಹುಲಿ ಸಿಂಹ ಧಾಮ, ಮಂಗಳವಾರ ರಜೆ ಅನ್ನೋದು ನೆನಪಿರಲಿ. ಆಮೇಲೆ ಸಾಗರ. ಕೆಳದಿ, ಇಕ್ಕೇರಿ ಎರಡೂ ಅಲ್ಲಿಂದ ಹತ್ತು ಕಿ.ಮೀ. ಒಳಗೆ. ಮಾರನೇ ದಿನ ಜೋಗ ಅಥವಾ ಸಿಗಂದೂರು ಚೌಡೇಶ್ವರಿ ದೇವಸ್ಥಾನ.

ಸಿಗಂದೂರಿಗೆ ಈಗಲೂ ಲಾಂಚ್‌ನಲ್ಲೇ ಹೋಗಬೇಕಾ?

ಬೇಡ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ತೆರೆಯಿತು. ಉದ್ದ ಸುಮಾರು 2.44 ಕಿ.ಮೀ. ಮೊದಲೆಲ್ಲ ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಗಂಟೆಗಟ್ಟಲೆ ಸರದಿ ಕಾಯುತ್ತಿದ್ದೆವು. ಈಗ ಗಾಡಿ ನೇರವಾಗಿ ಹೋಗುತ್ತದೆ. ಅಂದರೆ ಈ ದಾರಿಗೆ ಮೊದಲು ಅರ್ಧ ದಿನ ಇಡುತ್ತಿದ್ದ ಲೆಕ್ಕ ಈಗ ಬೇಕಿಲ್ಲ.

ಸೇತುವೆ ಮೇಲೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವವರು ಜಾಸ್ತಿ ಆಗಿದ್ದಾರೆ. ತುಮರಿ ಕಡೆಯ ಜನಕ್ಕೆ ಅದು ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ದಾರಿ. ಶರಾವತಿಯ ನೀರು ಸುತ್ತುವರಿದ ಮೇಲೆ ಎಷ್ಟೋ ದಶಕ ಅವರು ಈ ಸೇತುವೆಗಾಗಿ ಕಾದಿದ್ದಾರೆ. ದಾರಿ ಕಟ್ಟಬೇಡಿ.

ರೈಲಾ, ಗಾಡಿಯಾ?

ಬೆಂಗಳೂರಿನಿಂದ ಸುಮಾರು 300 ಕಿ.ಮೀ. ವಯಸ್ಸಾದವರಿದ್ದರೆ ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಗಾಡಿ. ಜೋಗ ಅಷ್ಟೇ ಸಾಕು ಅನ್ನುವವರು ರಾತ್ರಿ ರೈಲಿನಲ್ಲಿ ತಾಳಗುಪ್ಪಕ್ಕೇ ಬಂದು ಇಳಿಯಬಹುದು. ಅಲ್ಲಿಂದ ಜೋಗಕ್ಕೆ ಹದಿನೈದು ಕಿ.ಮೀ. ಚಿಲ್ಲರೆ. 2023ರಿಂದ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಆದರೆ ಹತ್ತು ಜನರ ವಿಮಾನ ಟಿಕೆಟ್ಟಿನ ದುಡ್ಡಲ್ಲಿ ಎರಡು ಟ್ರಿಪ್ ಆಗುತ್ತದೆ.

ರೈಲು ಬುಕಿಂಗ್‌ಗೆ ಎರಡು ವಿಷಯ. ಆನ್‌ಲೈನ್‌ನಲ್ಲಿ ಒಂದು ಟಿಕೆಟ್‌ಗೆ ಆರು ಜನ, ತತ್ಕಾಲ್ ಆದರೆ ನಾಲ್ಕೇ. ಬುಕಿಂಗ್ ತೆರೆಯುವುದು ಅರವತ್ತು ದಿನ ಮೊದಲು. ದಸರಾ, ದೀಪಾವಳಿ ರಜಕ್ಕೆ ಆ ದಿನವೇ ಮಾಡಿಬಿಡಿ. ಎರಡನೆಯದು ಹಲವರಿಗೆ ಗೊತ್ತಿಲ್ಲ. ಕೆಳಗಿನ ಬರ್ತ್‌ಗೆ ಹಿರಿಯರಿಗಾಗಿ ಇರುವ ಕೋಟಾ ಸಿಗುವುದು, ಆ ಟಿಕೆಟ್‌ನಲ್ಲಿ ಹಿರಿಯರು ಒಬ್ಬರೇ ಅಥವಾ ಇಬ್ಬರೇ ಇದ್ದಾಗ. ಆರು ಜನರ ಜೊತೆ ಅವರನ್ನೂ ಸೇರಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ-ಅಮ್ಮನದು ಬೇರೆ ಟಿಕೆಟ್ ಮಾಡಿ.

ಟಿಟಿ ಬುಕ್ ಮಾಡುವಾಗ ಏನೇನು ಕೇಳಬೇಕು?

ಹಳದಿ ಬೋರ್ಡ್ ಗಾಡಿಯೇ ಇರಲಿ. ಪರಿಚಯದವರ ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಕಡಿಮೆಗೆ ಸಿಗುತ್ತದೆ ಅಂತ ಹೋಗಬೇಡಿ. ಅಪಘಾತವಾದರೆ ವಿಮೆಯ ತಕರಾರು ಬರುತ್ತದೆ. ಕಿ.ಮೀ.ಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಡ್ರೈವರ್ ಬಾಟಾ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರದು, ಗಾಡಿ ಅವರ ಶೆಡ್ಡಿನಿಂದ ಹೊರಟಲ್ಲಿಂದ ಮೀಟರ್ ಲೆಕ್ಕವಾ. ಇಷ್ಟನ್ನು ಬಾಯಲ್ಲಿ ಕೇಳಿ, ಆಮೇಲೆ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಡ್ರೈವರ್ ಘಟ್ಟದಲ್ಲಿ ಓಡಿಸಿದ್ದಾರಾ ಅಂತ ಕೇಳಿ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು. ಉದ್ದನೆಯ ಬಸ್ಸುಗಳಿಗೆ ಅಲ್ಲಿ ಜಾಗವೇ ಇಲ್ಲ, ಮಿನಿ ಬಸ್ಸುಗಳೇ ಓಡಾಡುವುದು. ಮಳೆಗಾಲದಲ್ಲಿ ಭಾರೀ ವಾಹನಕ್ಕೆ ನಿರ್ಬಂಧ ಹಾಕುತ್ತಾರೆ, ಹೊರಡುವ ಮೊದಲು ವಿಚಾರಿಸಿ.

ಡ್ರೈವರ್ ಎಲ್ಲಿ ಮಲಗುತ್ತಾರೆ, ಏನು ಊಟ ಮಾಡುತ್ತಾರೆ ಅನ್ನೋದೂ ನಿಮ್ಮ ಹೊಣೆ. ರಾತ್ರಿ ಸೀಟಿನಲ್ಲಿ ಮುದುಡಿ ಮಲಗಿದ ಮನುಷ್ಯ ಬೆಳಗ್ಗೆ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಸಬೇಕು. ಹೋಮ್‌ಸ್ಟೇಗೆ ಫೋನ್ ಮಾಡಿದಾಗಲೇ ಡ್ರೈವರ್‌ಗೆ ಹಾಸಿಗೆ ಇದೆಯಾ ಅಂತ ಕೇಳಿಬಿಡಿ. ಊಟಕ್ಕೆ ನಾವು ಕೂತಾಗ ಅವರನ್ನೂ ಕರೆಯುತ್ತೇವೆ.

ಹೆಂಗಸರಿಗೆ ಬಸ್ ಫ್ರೀ ಅಲ್ವಾ, ಬಸ್ಸಲ್ಲೇ ಹೋದರೆ?

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ರಾಜ್ಯದೊಳಗಿನ ಸಾಮಾನ್ಯ, ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಿಗೆ ಅನ್ವಯ. ರಾಜಹಂಸ, ಎಸಿ ಬಸ್ಸುಗಳಿಗೆ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಆದರೆ ಮಲೆನಾಡಿನ ಒಳ ಊರುಗಳಿಗೆ ಬಹಳಷ್ಟು ಕಡೆ ಖಾಸಗಿ ಬಸ್ಸುಗಳೇ ಗತಿ, ಅಲ್ಲಿ ಟಿಕೆಟ್ ತೆಗೆದುಕೊಳ್ಳಬೇಕು. ನಾಲ್ಕೈದು ಗೆಳತಿಯರು ಸೇರಿ ಹೊರಟರೆ ಬಸ್ ಚೆನ್ನ. ಲಗೇಜು, ಮಗು, ಮುದುಕರು ಇದ್ದರೆ ಕಷ್ಟ.

ನೆಂಟರ ಮನೆಯಲ್ಲೇ ಉಳಿಯೋಣವಾ, ಹೋಮ್‌ಸ್ಟೇ ಮಾಡೋಣವಾ?

ಮಲೆನಾಡಲ್ಲಿ ನೆಂಟರಿದ್ದರೆ ಅವರು ಬೇರೆ ಕಡೆ ಉಳಿಯಲು ಬಿಡುವುದಿಲ್ಲ. ಹನ್ನೆರಡು ಜನ ಬಂದರೂ "ಅದಕ್ಕೇನು, ಜಗುಲಿ ಇದೆಯಲ್ಲ" ಅನ್ನುತ್ತಾರೆ. ಆ ಮಾತನ್ನು ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ನೀವು ಯೋಚನೆ ಮಾಡಿ. ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು. ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೂ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಕೆಲಸದವರಿಗೆ ಅಡುಗೆ ಬೇರೆ. ಆ ಹೊತ್ತಿಗೆ ಹನ್ನೆರಡು ಜನ ಹೋಗಿ ಕೂತರೆ ಅತ್ತಿಗೆಗೆ ಕೂರಲು ಹೊತ್ತಿರುವುದಿಲ್ಲ. ಹೋಮ್‌ಸ್ಟೇಯಲ್ಲಿ ಉಳಿದು, ಒಂದು ಹೊತ್ತು ಊಟಕ್ಕೆ ಅವರ ಮನೆಗೆ ಹೋಗಿ. ಹೋದವರು ಅಡಿಕೆ ಸುಲಿಯಲು ಕೂತುಕೊಳ್ಳಿ. ಮಕ್ಕಳಿಗೆ ಅದೂ ಟ್ರಿಪ್ಪೇ.

ಹೋಮ್‌ಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಇರುವುದನ್ನೇ ನೋಡಿ. ಒಮ್ಮೆ ನಾವು ಮುಂಗಡ ಕೊಟ್ಟು ಹೋದರೆ, ನಾಲ್ಕು ಕೋಣೆಯಲ್ಲಿ ಎರಡನ್ನು ಬೇರೆಯವರಿಗೆ ಕೊಟ್ಟಿದ್ದರು. ರಾತ್ರಿ ಎಂಟು ಗಂಟೆ, ಮಳೆ. ಹೆಂಗಸರು, ಮಕ್ಕಳು ಕೋಣೆಯಲ್ಲಿ, ಗಂಡಸರು ಹಜಾರದಲ್ಲಿ ಮಲಗಿದೆವು. ಅಲ್ಲಿಂದ ಈಚೆಗೆ ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೋಣೆ ಎಷ್ಟು, ಕಕ್ಕಸು ಒಳಗಿದೆಯಾ ಹೊರಗಿದೆಯಾ, ಕಮೋಡ್ ಇದೆಯಾ, ಬಿಸಿನೀರು ಎಷ್ಟು ಹೊತ್ತಿಗೆ ಅಂತ ಮತ್ತೊಮ್ಮೆ ಕೇಳುತ್ತೇನೆ. ಮಂಡಿನೋವಿನವರಿಗೆ ಕಮೋಡ್ ಇಲ್ಲದಿದ್ದರೆ ಎಷ್ಟು ಚೆಂದದ ಜಾಗವಾದರೂ ಪ್ರಯೋಜನವಿಲ್ಲ.

ಖರ್ಚು ಹೇಗೆ ಹಂಚಬೇಕು? ಮನೆಯವರ ಹತ್ತಿರ ದುಡ್ಡು ಕೇಳೋದು ಹೇಗೆ?

ಈ ಪ್ರಶ್ನೆಯನ್ನು ಎಲ್ಲರೂ ದನಿ ತಗ್ಗಿಸಿ ಕೇಳುತ್ತಾರೆ. ನನ್ನ ಅನುಭವದಲ್ಲಿ ಮನಸ್ತಾಪ ಬರುವುದು ದುಡ್ಡು ಜಾಸ್ತಿ ಆಗಿದ್ದಕ್ಕಲ್ಲ, ಮೊದಲು ಹೇಳದೇ ಆಮೇಲೆ ಹೇಳಿದ್ದಕ್ಕೆ.

ಹೊರಡುವ ಮೊದಲೇ ಅಂದಾಜು ಖರ್ಚು ಎಲ್ಲರಿಗೂ ತಿಳಿಸಿ. ಅಂದಾಜಿಗೆ ಹತ್ತರಲ್ಲಿ ಒಂದು ಪಾಲು ಸೇರಿಸಿಯೇ ಹೇಳಿ. ಉಳಿದರೆ ವಾಪಸ್ ಕೊಡುವಾಗ ಎಲ್ಲರ ಮುಖದಲ್ಲೂ ನಗು. ಕಮ್ಮಿ ಬಿದ್ದು ಮತ್ತೆ ಕೇಳುವುದು ಕೊಡುವವರಿಗೂ ಕಷ್ಟ, ಕೇಳುವವರಿಗೂ ಕಷ್ಟ.

ನಾವು ಮಾಡುವುದು ಹೀಗೆ. ದೊಡ್ಡವರಿಗೆ ಒಂದು ಪಾಲು, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ ಪಾಲು, ಮಡಿಲ ಮಗುವಿಗೆ ಇಲ್ಲ. ಉದಾಹರಣೆಗೆ ನಾಲ್ಕು ಮನೆಯಿಂದ ಒಂಬತ್ತು ದೊಡ್ಡವರು, ಮೂರು ಮಕ್ಕಳು ಅಂದುಕೊಳ್ಳಿ. ಒಟ್ಟು ಹತ್ತೂವರೆ ಪಾಲು. ಖರ್ಚು 31,500 ರೂಪಾಯಿ ಆದರೆ ಪಾಲಿಗೆ 3,000. ಗಂಡ, ಹೆಂಡತಿ, ಒಂದು ಮಗು ಇರುವ ಮನೆಗೆ 7,500. ಒಬ್ಬರೇ ಬರುವ ದೊಡ್ಡಮ್ಮನಿಗೆ 3,000. ಮನೆಗಿಷ್ಟು ಅಂತ ಸಮ ಹಂಚಿದರೆ ದೊಡ್ಡಮ್ಮ ನಾಲ್ಕು ಜನರ ಮನೆಯಷ್ಟೇ ಕೊಡಬೇಕಾಗುತ್ತದೆ. ಅವರು ಕೊಡುತ್ತಾರೆ, ಏನೂ ಅನ್ನುವುದಿಲ್ಲ. ಆದರೆ ಮುಂದಿನ ಸಲ "ಈ ಸಲ ನನಗೆ ಆಗಲ್ಲಪ್ಪ" ಅಂತಾರೆ.

ದುಡ್ಡೆಲ್ಲ ಒಬ್ಬರ ಹತ್ತಿರ ಇರಲಿ, ಬರೆಯುವುದು ಇನ್ನೊಬ್ಬರು. ಎಳನೀರು, ಕಾಫಿಯಿಂದ ಹಿಡಿದು ಎಲ್ಲ ಅದರಲ್ಲೇ. ದೇವಸ್ಥಾನದ ಸೇವೆ, ಸೀರೆ, ಸ್ವಂತಕ್ಕೆ ಕೊಂಡದ್ದು ಅವರವರದ್ದು. ರಾತ್ರಿ ಐದು ನಿಮಿಷ ಕೂತು ಆ ದಿನದ ಲೆಕ್ಕ ಗುಂಪಿಗೆ ಹಾಕಿಬಿಡಿ.

ಕೈ ಬಿಗಿ ಇರುವವರು ಯಾರಾದರೂ ಇದ್ದೇ ಇರುತ್ತಾರೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಅಂದಾಜು ಹೇಳುವಾಗ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳುವುದು ಒಳ್ಳೆಯದು. ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದೆ. ಆಗ ಜಾಗವನ್ನೇ ಹಗುರ ಮಾಡಿ. ಎರಡು ರಾತ್ರಿಯದು ಒಂದು ರಾತ್ರಿ ಆಗಲಿ. ಅವರ ಪಾಲು ನಾವು ಹಾಕುತ್ತೇವೆ ಅಂತ ಎಲ್ಲರ ಎದುರು ಮಾತ್ರ ಹೇಳಬೇಡಿ.

ಬರುತ್ತೇವೆ ಅಂದವರು ಕೊನೆ ಗಳಿಗೆಯಲ್ಲಿ ಬರದಿದ್ದರೆ?

ಗಾಡಿ, ಕೋಣೆಯ ಪಾಲು ಅವರೇ ಕೊಡಬೇಕು, ಊಟದ ಪಾಲು ಬೇಡ. ಇದನ್ನು ಶುರುವಿನಲ್ಲೇ ಎಲ್ಲರಿಗೂ ಹೇಳಿಬಿಡಿ. ಸಾವು, ಕಾಯಿಲೆ ಆದರೆ ಉಳಿದವರು ಹಂಚಿಕೊಳ್ಳಿ.

ಗೆಳೆಯರನ್ನೂ ಮನೆಯವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಬಹುದಾ?

ಹೋಗಬಹುದು. ಗೆಳೆಯರು ಮನೆಗೆ ಬಂದು ಹೋಗಿ ಬಳಕೆ ಇದ್ದರೆ ತೊಂದರೆ ಇಲ್ಲ. ಹೊಸಬರಾದರೆ ಮೊದಲು ಒಂದು ದಿನದ ಸಣ್ಣ ಟ್ರಿಪ್ ಮಾಡಿ ನೋಡಿ. ಕುಡಿಯುವ ವಿಷಯವನ್ನು ಹೊರಡುವ ಮೊದಲೇ ಮಾತಾಡಿ ಮುಗಿಸಬೇಕು. ನಮ್ಮಲ್ಲಿ ಮನೆಯವರಿರುವ ಟ್ರಿಪ್‌ನಲ್ಲಿ ಇಲ್ಲ, ಅಷ್ಟೇ. ಒಬ್ಬರಿಗಾಗಿ ಸಡಿಲ ಮಾಡಿದರೆ ಉಳಿದವರೆಲ್ಲ ಮುದುಡಿ ಕೂರಬೇಕಾಗುತ್ತದೆ.

ಅಡುಗೆ ಕೆಲಸ ಮತ್ತೆ ಹೆಂಗಸರ ಮೇಲೇ ಬೀಳುತ್ತದೆ, ಏನು ಮಾಡೋದು?

ಅಡುಗೆ ಮಾಡಿಕೊಳ್ಳುವ ಮನೆಯನ್ನು ಬಾಡಿಗೆ ಹಿಡಿಯಬೇಡಿ. ಇನ್ನೂರು ರೂಪಾಯಿ ಉಳಿಸಲು ಹೋಗಿ ಅಕ್ಕ, ಅತ್ತಿಗೆ ಎಲ್ಲ ಒಲೆ ಮುಂದೆ ನಿಂತರೆ ಅವರಿಗೆ ಅದು ಪ್ರವಾಸವೇ ಅಲ್ಲ. ಊಟ ಕೊಡುವ ಹೋಮ್‌ಸ್ಟೇ ಹಿಡಿಯಿರಿ. ಬೆಳಗ್ಗೆ ಕಡುಬು ಅಥವಾ ಅಕ್ಕಿ ರೊಟ್ಟಿ, ಮಧ್ಯಾಹ್ನ ತಂಬುಳಿ, ಅಪ್ಪೆಹುಳಿ, ಮಳೆಗಾಲವಾದರೆ ಕಳಲೆ ಪಲ್ಯ, ಪತ್ರೊಡೆ. ಮಾಂಸ ತಿನ್ನುವವರಿಗೆ ಕಡುಬಿನ ಜೊತೆ ಕೋಳಿ ಸಾರು. ಗುಂಪಿನಲ್ಲಿ ಎರಡೂ ಬಗೆಯವರಿದ್ದರೆ ಪಾತ್ರೆ ಬೇರೆ ಇದೆಯಾ ಅಂತ ಮೊದಲೇ ಕೇಳಿ. ಹಿರಿಯರು ಸಂಕೋಚದಲ್ಲಿ ಹಸಿದುಕೊಂಡೇ ಇರಬಾರದು. ಸಕ್ಕರೆ ಕಾಯಿಲೆಯವರಿಗೆ ಗಾಡಿಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಇರಲಿ. ಘಟ್ಟದ ದಾರಿಯಲ್ಲಿ ಒಂದು ಮರ ಬಿದ್ದರೆ ಊಟ ಮೂರು ಗಂಟೆ ತಡವಾಗುತ್ತದೆ.

ಇಂಬಳ (ಜಿಗಣೆ) ಕಚ್ಚಿದರೆ?

ಭಯ ಬೇಡ. ಇಂಬಳದಿಂದ ಕಾಯಿಲೆ ಹರಡುವ ಚಿಂತೆ ಇಲ್ಲ, ರಕ್ತ ಸ್ವಲ್ಪ ಹೊತ್ತು ಸೋರುತ್ತದೆ ಅಷ್ಟೆ. ಎಳೆದು ಕೀಳಬೇಡಿ. ಉಪ್ಪೋ ಸುಣ್ಣವೋ ಮುಟ್ಟಿಸಿದರೆ ಬಿಡುತ್ತದೆ. ಆಮೇಲೆ ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲದಲ್ಲಿ ಹುಲ್ಲು, ತೋಟಕ್ಕೆ ಇಳಿಯದಿರುವುದೇ ಒಳ್ಳೆಯದು.

ಮಂಗನ ಕಾಯಿಲೆ ಅಂತಾರಲ್ಲ, ನಾವು ಆ ಕಡೆ ಬರಬಹುದಾ?

ಬರಬಹುದು, ಎಚ್ಚರ ಬೇಕು. ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣೆ ಹುಳದಿಂದ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಊರು, ದೇವಸ್ಥಾನ, ರಸ್ತೆ ಬದಿಯ ಜಾಗಗಳಿಗೆ ಹೋಗಿ ಬರುವುದಕ್ಕೆ ಹೆದರಬೇಕಿಲ್ಲ. ಆ ತಿಂಗಳುಗಳಲ್ಲಿ ಕಾಡೊಳಗೆ ನುಗ್ಗುವುದು, ತರಗೆಲೆ ಮೇಲೆ ಮಲಗುವುದು ಬೇಡ. ಹೋಗಲೇಬೇಕಿದ್ದರೆ ಉದ್ದ ತೋಳು, ಉದ್ದ ಪ್ಯಾಂಟು ಹಾಕಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸ್ ಬಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆವು" ಅಂತ ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.

ಮಕ್ಕಳು ಹೊಳೆಗೆ ಇಳಿಯಬೇಕು ಅಂತಾರೆ.

ಸ್ಥಳೀಯರು ಸ್ನಾನ ಮಾಡುವ ಘಟ್ಟದಲ್ಲಿ, ಸ್ಥಳೀಯರು ಜೊತೆಗಿದ್ದಾಗ, ಬೇಸಿಗೆಯಲ್ಲಿ, ಮೊಣಕಾಲು ಮಟ್ಟದವರೆಗೆ. ಇಷ್ಟರಲ್ಲಿ ಒಂದು ತಪ್ಪಿದರೂ ಬೇಡ. ತುಂಗೆ ಮೇಲ್ನೋಟಕ್ಕೆ ಶಾಂತವಾಗಿರುತ್ತಾಳೆ. ಬಂಡೆಗಳ ನಡುವೆ ಆಳದ ಗುಂಡಿ ಇರುತ್ತದೆ, ಪಾಚಿ ಕಟ್ಟಿರುತ್ತದೆ. ಇಲ್ಲಿ ಬಿಸಿಲಿದ್ದರೂ ಮೇಲೆ ಶೃಂಗೇರಿ ಕಡೆ ಮಳೆಯಾದರೆ ನೀರು ಏರುತ್ತದೆ. ಜಲಪಾತದ ತಲೆಯ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಪ್ರತಿ ಮಳೆಗಾಲ ಇಂಥ ಸುದ್ದಿ ಓದಿ ಓದಿ ಹೊಟ್ಟೆ ಉರಿಯುತ್ತದೆ.

ಚಾರಣಕ್ಕೆ ಅನುಮತಿ ಬೇಕಾ?

ಕಾಡಿನ ದಾರಿಗಳಿಗೆ ಬೇಕು. ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಮಳೆಗಾಲದಲ್ಲಿ ಆಗಾಗ ಮುಚ್ಚುತ್ತಾರೆ.

ನೆಟ್‌ವರ್ಕ್, ದುಡ್ಡು, ಆಸ್ಪತ್ರೆ?

ಘಟ್ಟದ ಒಳಗೆ ಎಷ್ಟೋ ಕಡೆ ಸಿಗ್ನಲ್ ಇಲ್ಲ, ಇದ್ದರೆ ಬಿಎಸ್‌ಎನ್‌ಎಲ್. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಆ ಸಿಮ್ ಇರಲಿ. ಫೋನ್‌ಪೇ ನಂಬಿಕೊಂಡು ಬರಬೇಡಿ, ಚಿಲ್ಲರೆ ನೋಟು ತನ್ನಿ. ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಎಲ್ಲರ ಮಾತ್ರೆಯ ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಒಂದು ಕಾಗದದಲ್ಲಿ ಬರೆದು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿಡಿ. ಕಾಗದಕ್ಕೆ ಚಾರ್ಜ್ ಬೇಕಿಲ್ಲ. ತಾಲ್ಲೂಕು ಊರುಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡದು ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್, ಘಟ್ಟದ ಕೆಳಗಾದರೆ ಮಣಿಪಾಲ. ಆಂಬುಲೆನ್ಸ್‌ಗೆ 108.

ತಿರುವಿನಲ್ಲಿ ವಾಂತಿ ಆಗುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹೊಟ್ಟೆ ತುಂಬ ತಿನ್ನಿಸಬೇಡಿ, ಫೋನ್ ನೋಡಲು ಬಿಡಬೇಡಿ. ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿ, ಹೊರಡುವ ಅರ್ಧ ಗಂಟೆ ಮೊದಲೇ ಕೊಡಿ. ಘಾಟಿ ಶುರುವಾದ ಮೇಲೆ ಕೊಟ್ಟು ಉಪಯೋಗವಿಲ್ಲ.

ಬರಲು ಆಗದವರಿಗೆ ಏನು ತರಬೇಕು?

ನಮ್ಮ ಅಜ್ಜಿ ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಅವರದು ತೀರ್ಥಹಳ್ಳಿ ಕಡೆಯ ತವರು. ಪ್ರತಿ ಸಲ ಹೊರಡುವಾಗ ಏನು ತರಲಿ ಅಂತ ಕೇಳುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಲಸಿನ ಹಪ್ಪಳ, ಯಾವುದೂ ಬೇಡ ಅನ್ನುತ್ತಾರೆ. ಹೋದ ಸಲ ನಾವೆಲ್ಲ ತುಂಗೆಯ ದಡದಲ್ಲಿ ಕೂತಾಗ ಸಿಗ್ನಲ್ ಸಿಕ್ಕಿತು. ವಿಡಿಯೋ ಕಾಲ್ ಮಾಡಿ ಫೋನನ್ನು ಹೊಳೆ ಕಡೆಗೆ ತಿರುಗಿಸಿ ಹಿಡಿದೆ. ಅಜ್ಜಿ ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ, "ಆ ಬಂಡೆ ಇನ್ನೂ ಅಲ್ಲೇ ಇದೆಯಲ್ಲ" ಅಂದರು.